ಎಂಜಿನ್ನಿನೊಳಗೆ ಸಿಕ್ಕಿಬಿದ್ದ ಗಾಳಿ

ಸೀಸೆಯ ಬಾಯಿಗೆ ಲಾಳಿಕೆಯನ್ನು ಒತ್ತಿಟ್ಟು ನೀರು ಹೊಯ್ದರೆ ನೀರು ಕೆಳಗಿಳಿಯದೆ ನಿಲ್ಲುವುದನ್ನು ನೀವೆಲ್ಲ ಕಂಡಿರಬಹುದು. ಒಳಗಿನ ಗಾಳಿಗೆ ಹೊರಬರುವ ದಾರಿಯಿಲ್ಲದುದೇ ಇದಕ್ಕೆ ಕಾರಣ. ಇದೇ ಗಾಳಿ ಬೆಲೆಬಾಳುವ ಎಂಜಿನ್ನೊಂದನ್ನು ಕೆಡಿಸಬಲ್ಲುದು!

1961ರಲ್ಲಿ ಜಿನೀವಾದಲ್ಲಿ ಮೊದಲು ಪ್ರದರ್ಶಿತವಾದ ಜಾಗ್ವಾರ್ ಇ-ಟೈಪ್ ಕಾರನ್ನು ಅದರ ಅಭಿಮಾನಿಗಳು ಇಂದಿಗೂ ಬಿಚ್ಚಿ ಮರಳಿ ಜೋಡಿಸುವುದುಂಟು. ಆರು ಸಿಲಿಂಡರುಗಳ ಎಂಜಿನ್ನನ್ನು ಸ್ವಸ್ಥಾನದಲ್ಲಿ ಕೂರಿಸಿದ ಮೇಲೆ ನೀರಿನ ಕೊಳವೆಗಳನ್ನು ಸೇರಿಸಬೇಕು. ಓಡುವ ಎಂಜಿನ್ನು ಅದುರುತ್ತದೆ. ಅದಕ್ಕೂ ರೇಡಿಯೇಟರಿಗೂ ನಡುವೆ ಗಡುಸಾದ ಲೋಹದ ಕೊಳವೆಯಿದ್ದರೆ ಬಿರುಕುಬಿಟ್ಟೀತು. ಆದುದರಿಂದಲೇ ಇಲ್ಲಿ ರಬ್ಬರು. ಪಂಪು ತಣಿದ ನೀರನ್ನು ಕೆಳಗಿನ ಕೊಳವೆಯಿಂದ ಸೆಳೆಯುತ್ತದೆ. ಕಾದ ನೀರು ಮೇಲಿನದರಿಂದ ರೇಡಿಯೇಟರಿಗೆ ಹಿಂದಿರುಗುತ್ತದೆ. ಕೆಳಗಿನ ಕೊಳವೆ ಹಳತಾಗಿ ಮೆತ್ತಗಾಗಿದ್ದರೆ ಆ ಸೆಳೆತಕ್ಕೆ ಚಪ್ಪಟೆಯಾಗಿ ಹರಿವು ಕುಗ್ಗುತ್ತದೆ. ಹೊಸ ಕೊಳವೆಯನ್ನು ಮೂತಿಯ ಉಬ್ಬನ್ನು ದಾಟಿಸಿ, ಉಬ್ಬಿನ ಹಿಂದೆ ಪಟ್ಟಿಯನ್ನು ಬಿಗಿಯಬೇಕು.

ಇನ್ನು ನೀರು ತುಂಬುವಾಗ ಗಾಳಿ ಸಿಲಿಂಡರಿನ ತಲೆಭಾಗದಲ್ಲಿ ಸಿಕ್ಕಿಕೊಂಡಿತೆನ್ನೋಣ. ಗಾಳಿ ನೀರಿನಷ್ಟು ಶಾಖವನ್ನು ಒಯ್ಯಲಾರದು. ಉಷ್ಣಮಾಪಕದ ತುದಿ ಗಾಳಿಯಲ್ಲಿದ್ದರೆ ಮುಳ್ಳೂ ಸುಳ್ಳು ಹೇಳೀತು. ಈ ಎಂಜಿನ್ನಿನ ತಲೆಭಾಗ ಅಲ್ಯೂಮಿನಿಯಂ ಮಿಶ್ರಲೋಹದ್ದು, ಒಡಲು ಎರಕದ ಕಬ್ಬಿಣದ್ದು. ಒಂದೊಂದು ಸೆಂಟಿಗ್ರೇಡ್ ಡಿಗ್ರಿಗೆ ಅಲ್ಯೂಮಿನಿಯಂ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 23 ಭಾಗ ಹಿಗ್ಗಿದರೆ, ಎರಕದ ಕಬ್ಬಿಣ ಸುಮಾರು 11 ಭಾಗ ಮಾತ್ರ. ಮಿತಿಮೀರಿ ಕಾದ ತಲೆಭಾಗ ಸೊಟ್ಟಗಾಗುವುದರಲ್ಲಿ ಆಶ್ಚರ್ಯವೇನು?

ಆದಕಾರಣ ಹೀಟರಿನ ಕವಾಟವನ್ನು ತೆರೆದಿಟ್ಟು, ತಣ್ಣನೆಯ ಎಂಜಿನ್ನಿಗೆ ದ್ರವವನ್ನು ನಿಧಾನವಾಗಿ ಹೊಯ್ದು, ಕೊಳವೆಗಳನ್ನು ಮೆಲ್ಲನೆ ಹಿಸುಕಿ ಗುಳ್ಳೆಗಳನ್ನು ಹೊರಡಿಸಬೇಕು. ಒಮ್ಮೆ ಓಡಿಸಿ, ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು ನೋಡಿದರೆ ಮಟ್ಟ ಇಳಿದಿರುವುದುಂಟು. ಹೊರಟುಹೋದ ಗಾಳಿಯ ಜಾಗವನ್ನು ದ್ರವ ಆಕ್ರಮಿಸಿಕೊಂಡಿರುತ್ತದೆ. ಅಷ್ಟನ್ನು ಮತ್ತೆ ತುಂಬಬೇಕು.