ಕೆಂಪು ಅರಗಿನ ಸೀಸೆ

ಮನೆಮಂದಿಯೆಲ್ಲ ಓದುವ ಪುಟಗಳಲ್ಲಿ ಮದ್ಯದ ಕಥೆಗೆ ಎಡೆಯುಂಟೇ ಎಂದು ಹುಬ್ಬೇರಿಸುವವರು ಇರಬಹುದು. ಆದರೆ ಅಮೆರಿಕದ ಕೆಂಟುಕಿ ಸಂಸ್ಥಾನದ ‘ಮೇಕರ್ಸ್ ಮಾರ್ಕ್’ ವಿಸ್ಕಿಯ ಕಥೆ ಅರ್ಧಕ್ಕರ್ಧ ಅಡಿಗೆಮನೆಯಲ್ಲಿಯೇ ನಡೆದದ್ದು.

ಭಟ್ಟಿ ಇಳಿಸುವುದು ಸ್ಯಾಮ್ಯುಯೆಲ್ಸ್ ಮನೆತನಕ್ಕೆ ತಲೆತಲಾಂತರದಿಂದ ಬಂದ ಕಸುಬು. ಆ ವಂಶದ ಬಿಲ್ ಸ್ಯಾಮ್ಯುಯೆಲ್ಸರು 1953ರಲ್ಲಿ ಲೊರೆಟ್ಟೊ ಎಂಬ ಊರಿನ ಬಳಿ ಹಳೆಯ ಭಟ್ಟಿಯೊಂದನ್ನು ಕೊಂಡರು. ಹಿರಿಯರಿಂದ ಬಂದ ಪಾಕವಿಧಾನದ ಹಾಳೆಯನ್ನು ಮಾತ್ರ ಅವರು ಬೆಂಕಿಗೆ ಒಡ್ಡಿದರಂತೆ. ಆ ಉರಿ ಕಿಟಕಿಯ ಪರದೆಗೂ ತಗುಲಿತೆಂದು ಮನೆಯವರು ಹೇಳುತ್ತ ಬಂದಿದ್ದಾರೆ!

ಬೂರ್ಬನ್ ವಿಸ್ಕಿಯ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವಿರಬೇಕೆಂಬುದು ಕಾನೂನು. ಉಳಿದ ಪಾಲಿನಲ್ಲಿ ಹೆಚ್ಚಿನವರು ಬೆರೆಸುವುದು ನಾಲಗೆಗೆ ಚುರುಕು ಮುಟ್ಟಿಸುವ ರೈ ಧಾನ್ಯವನ್ನು. ಬಿಲ್ಲರು ರೈಯನ್ನು ತೊರೆದು ಮೃದುವಾದ ಕೆಂಪು ಗೋಧಿಯನ್ನು ಆರಿಸಿಕೊಂಡರು. ಇದು ಅವರದೇ ಹೊಸ ಶೋಧವೇನಲ್ಲ. ಲೂಯಿವಿಲ್ ನಗರದ ಸ್ಟಿಟ್ಜೆಲ್-ವೆಲ್ಲರ್ ಭಟ್ಟಿಯವರು ಮೊದಲೇ ಗೋಧಿಯನ್ನು ಬಳಸುತ್ತಿದ್ದರು. ಆದರೆ ಯಾವ ಬೆರಕೆ ಹಿತವೆಂದು ತಿಳಿಯುವುದು ಹೇಗೆ? ವಿಸ್ಕಿ ಪೀಪಾಯಿಯಲ್ಲಿ ಮಾಗಲು ವರ್ಷಗಳೇ ಬೇಕು. ಅಷ್ಟು ಕಾಯುವ ಬದಲು ಬೇರೆ ಬೇರೆ ಬೆರಕೆಗಳ ಹಿಟ್ಟಿನಿಂದ ಮನೆಯಲ್ಲಿ ಬ್ರೆಡ್ ಬೇಯಿಸಿ, ತಿಂದು ನೋಡಿ ನಿಶ್ಚಯಿಸಿದರಂತೆ. ಎಂತಹ ಗೃಹಿಣಿಯೂ ಮೆಚ್ಚಬೇಕಾದ ಯುಕ್ತಿ!

1954ರಲ್ಲಿ ಮೊದಲ ಪೀಪಾಯಿ ತುಂಬಿತು. ಒಳಗಿನದು ಗಂಡನ ಕೆಲಸವಾದರೆ ಹೊರಗಿನದೆಲ್ಲ ಪತ್ನಿ ಮಾರ್ಜಿಯದು. ಹಳೆಯ ತವರದ ಪಾತ್ರೆಗಳನ್ನು ಕೂಡಿಡುವುದು ಆಕೆಯ ಹವ್ಯಾಸ. ಕುಶಲಿಯಾದ ಕಮ್ಮಾರ ಅಂತಹ ಪಾತ್ರೆಯ ಮೇಲೆ ತನ್ನ ಮುದ್ರೆಯೊತ್ತುತ್ತಿದ್ದ. ‘ಮಾಡಿದವನ ಗುರುತು’ ಎಂಬ ಹೆಸರು ಹುಟ್ಟಿದ್ದು ಅದರಿಂದ. ಸೀಸೆಯ ಆಕಾರ, ಚೀಟಿ, ಅಕ್ಷರಗಳ ಬಗೆ ಎಲ್ಲವನ್ನೂ ಆಕೆಯೇ ಯೋಜಿಸಿದಳು. ಅಡಿಗೆಮನೆಯಲ್ಲಿ ಎಣ್ಣೆ ಕಾಯಿಸುವ ಪಾತ್ರೆಯಲ್ಲಿ ಕೆಂಪು ಅರಗನ್ನು ಕರಗಿಸಿ ಸೀಸೆಯ ಕತ್ತನ್ನು ಅದ್ದಿ ನೋಡಿದಳು. ಅರಗು ಕೆಳಗಿಳಿದು ಹೆಪ್ಪುಗಟ್ಟಿತು. ಒಂದು ಸೀಸೆಯ ಇಳಿಜಾಡಿನಂತೆ ಇನ್ನೊಂದರದಿಲ್ಲ. 1958ರಲ್ಲಿ ಆ ಸೀಸೆ ಮಾರುಕಟ್ಟೆಗೆ ಬಂದಿತು. ಇಂದಿಗೂ ಕೆಲಸಗಾರರು ಒಂದೊಂದನ್ನೂ ಕೈಯಿಂದಲೇ ಅದ್ದುತ್ತಾರೆ.

1981ರಲ್ಲಿ ಸಂಸ್ಥೆ ಮನೆತನದ ಕೈಬಿಟ್ಟು ದೊಡ್ಡ ಕಂಪೆನಿಯೊಂದರ ಪಾಲಾಯಿತು, ಅರಗು ಉಳಿಯಿತು. ಮೆಕ್ಸಿಕೋದ ಟಕೀಲಾ ಸೀಸೆಯೊಂದರ ಮೇಲೆ ಅದೇ ಬಗೆಯ ಕೆಂಪು ಅರಗು ಇಳಿದಾಗ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಆ ಇಳಿಜಾಡು ಮೇಕರ್ಸ್ ಮಾರ್ಕಿನ ಸ್ವತ್ತೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು.

ಸೀಸೆಯ ಮೇಲಿನ ಮುದ್ರೆಯಲ್ಲಿ ಒಂದು ನಕ್ಷತ್ರ, ಗಂಡನ ಮನೆತನದ ಮೊದಲಕ್ಷರ, ತಲೆಮಾರಿನ ಸಂಖ್ಯೆ ಇವೆ. ಅದನ್ನು ರೂಪಿಸಿದವಳು ತನ್ನ ಹೆಸರಿಗೆ ಅಲ್ಲಿ ಜಾಗ ಮಾಡಿಕೊಳ್ಳಲಿಲ್ಲ. ಮಾರ್ಜಿ 1985ರಲ್ಲಿ ತೀರಿಕೊಂಡಳು. ಕೆಂಟುಕಿಯ ಬೂರ್ಬನ್ ಕೀರ್ತಿಶಾಲಿಗಳ ಪಟ್ಟಿಗೆ ಆಕೆಯ ಹೆಸರು ಸೇರಿದ್ದು 2014ರಲ್ಲಿ.