ದಣಿದ ಹೃದಯದ ಆಯುರ್ಮಾನ

ಸಿಂಧನೂರು-ಮಸ್ಕಿ ಸೀಮೆಯ ಬಳಗಾನೂರಿನಂತಹ ಬತ್ತದ ನಾಡಿನವರಿಗೆ ನೀರೆತ್ತುವ ಪಂಪಿನ ಸ್ವಭಾವ ಹೊಸದಲ್ಲ. ಪಂಪಿನ ಬಲ ಕುಗ್ಗಿದರೆ ಮುಂದಿನ ಮಡಿ ಒಣಗುವುದು, ಹಿಂದಿನ ಹೊಂಡ ತುಂಬಿ ನಿಲ್ಲುವುದು. ನಮ್ಮ ಹೃದಯವೂ ಇಂತಹುದೇ ಒಂದು ಪಂಪು. ಅದು ದುರ್ಬಲವಾದಾಗ ಅಂಗಾಂಗಗಳಿಗೆ ರಕ್ತ ಸಾಲದೆ ಆಯಾಸವಾಗುತ್ತದೆ. ಹಿಂದೆ ನಿಂತ ದ್ರವವು ಶ್ವಾಸಕೋಶಗಳಲ್ಲಿ ಸೇರಿ ದಮ್ಮು ಹತ್ತುತ್ತದೆ, ಕಾಲು ಬಾಯುತ್ತದೆ. ವೈದ್ಯರು ಇದನ್ನು ಹೃದಯ ವೈಫಲ್ಯವೆನ್ನುವರು. ಹೃದಯವು ನಿಂತುಹೋಯಿತೆಂದು ಇದರ ಅರ್ಥವಲ್ಲ.

ಈ ರೋಗಿಗಳಲ್ಲಿ ಎರಡು ಬಗೆಯನ್ನು ನಾವು ಗುರುತಿಸಬೇಕು. ಕೆಲವರಿಗೆ ರೋಗವು ಅದೇ ಮೊದಲು ಕಾಣಿಸಿಕೊಂಡಿರುತ್ತದೆ; ಕೆಲವರಲ್ಲಿ ಬಹುಕಾಲದ ರೋಗವು ಮತ್ತೆ ಉಲ್ಬಣಿಸಿರುತ್ತದೆ. ಆಸ್ಪತ್ರೆಗೆ ಬಂದಾಗ ಇಬ್ಬರದೂ ಒಂದೇ ಬಗೆಯ ಏದುಸಿರು. ಆದರೆ ಮುಂದಿನ ಆಯುಸ್ಸು ಒಂದೇ ಅಲ್ಲ. ಯುರೋಪು, ಇಸ್ರೇಲುಗಳಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದಾಗ ಎರಡನೆಯ ಬಗೆಯವರಲ್ಲಿ ಮರಣವು ಹೆಚ್ಚೆಂದು ತಿಳಿದುಬಂದಿತು. ಹಾಗೆಂದು ಮೊದಲನೆಯ ಬಗೆಯೂ ಹಗುರವಲ್ಲ. 2013ರಲ್ಲಿ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳನ್ನು ಸೇರಿದ ಎರಡೂ ಬಗೆಯ 1205 ರೋಗಿಗಳಲ್ಲಿ, ನೂರಕ್ಕೆ ಸುಮಾರು 31 ಮಂದಿ ವರ್ಷದೊಳಗೆ, 59 ಮಂದಿ ಐದು ವರ್ಷಗಳೊಳಗೆ ತೀರಿಕೊಂಡರು.

ಈ ವ್ಯತ್ಯಾಸಕ್ಕೆ ಕಾರಣವೇನು? ಹರಿದುಬರುವ ರಕ್ತ ಕಡಿಮೆಯಾದೊಡನೆ ಮೂತ್ರಪಿಂಡಗಳು ದೇಹದಲ್ಲಿ ನೀರೇ ಸಾಲದೆಂದು ಬಗೆದು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ರಕ್ತನಾಳಗಳನ್ನು ಬಿಗಿಸಿ ಹೃದಯವನ್ನು ಓಡಿಸುವ ಹಾರ್ಮೋನುಗಳು ಹೆಚ್ಚುತ್ತವೆ. ಇದು ದಣಿದ ಎತ್ತಿಗೆ ಚಾಟಿ ಬೀಸಿದಂತೆ: ನಾಲ್ಕು ಹೆಜ್ಜೆ ಓಡೀತು, ಆಮೇಲೆ ಕುಸಿದೀತು. ಹೃದಯದ ಕೋಣೆ ಹಿಗ್ಗುತ್ತದೆ, ಸ್ನಾಯುವಿನ ನಡುವೆ ನಾರು ಬೆಳೆಯುತ್ತದೆ, ಮೂತ್ರಪಿಂಡಗಳೂ ಸೊರಗುತ್ತವೆ. ಹಳೆಯ ರೋಗಿಯು ಈ ನಷ್ಟವನ್ನೆಲ್ಲ ಹೊತ್ತು ಬಂದಿರುತ್ತಾನೆ. ಹೊಸ ರೋಗಿಯಲ್ಲಾದರೋ ರಕ್ತದೊತ್ತಡ, ಮುಚ್ಚಿದ ರಕ್ತನಾಳ, ಥೈರಾಯ್ಡಿನ ದೋಷ, ಮದ್ಯಪಾನ ಮೊದಲಾದ ಮೂಲವನ್ನು ಹುಡುಕಿ ಸರಿಪಡಿಸಲು ಅನೇಕವೇಳೆ ಅವಕಾಶವುಂಟು.

ಈ ಅವಕಾಶವು ಕೈತಪ್ಪುವುದು ನೆಮ್ಮದಿಯ ದಿನಗಳಲ್ಲಿಯೇ. ಬಾವು ಇಳಿದು ಊರಿಗೆ ಮರಳಿದವನು ಗುಣವಾಯಿತೆಂದು ಗುಳಿಗೆ ಬಿಡುತ್ತಾನೆ. 2018ರಲ್ಲಿ ಲಂಡನ್ನಿನಿಂದ ಪ್ರಕಟವಾದ ಪ್ರಯೋಗವೊಂದನ್ನು ಇಲ್ಲಿ ನೆನೆಯಬಹುದು. ಹಿಗ್ಗಿದ್ದ ಹೃದಯವು ಚೇತರಿಸಿಕೊಂಡು ಆರೋಗ್ಯವಂತರಂತಿದ್ದ 51 ಮಂದಿಯಲ್ಲಿ 25 ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ಔಷಧಗಳನ್ನು ಕ್ರಮೇಣ ನಿಲ್ಲಿಸಲಾಯಿತು. ಆರು ತಿಂಗಳೊಳಗೆ ಅವರಲ್ಲಿ 11 ಮಂದಿಗೆ ರೋಗ ಮರುಕಳಿಸಿತು. ಔಷಧ ಮುಂದುವರಿಸಿದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ.

ಬಳಗಾನೂರಿನಿಂದ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯು ದೂರ. ತೂಕದ ಯಂತ್ರವಾದರೋ ಮನೆಯಲ್ಲಿಯೇ ಇರಬಲ್ಲುದು. ರೋಗಿಯು ಪ್ರತಿದಿನ ಬೆಳಗ್ಗೆ ತೂಕ ನೋಡಿಕೊಳ್ಳಲಿ. ಮೂರು ದಿನಗಳಲ್ಲಿ 2 ಕಿಲೋಗ್ರಾಮಿಗಿಂತ ಹೆಚ್ಚಿದರೆ ಅದು ಮೈಗೂಡಿದ ಕೊಬ್ಬಲ್ಲ, ನಿಂತ ನೀರು. ದಮ್ಮು ಹತ್ತುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಹಪ್ಪಳ, ಉಪ್ಪಿನಕಾಯಿಗಳನ್ನು ದೂರವಿಡಬೇಕು. ವೈದ್ಯರು ಹೇಳದೆ ಗುಳಿಗೆ ನಿಲ್ಲಿಸಲಾಗದು. ಮೊದಲನೆಯ ಬಗೆಯ ರೋಗಿಯು ಎರಡನೆಯ ಬಗೆಯವನಾಗದಂತೆ ತಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಮನೆಯವರದೇ ಎಂಬುದನ್ನು ನಾವು ಮರೆಯಬಾರದು.