ಸುಟ್ಟು ಉಳಿಸುವ ಬೆಳಕು

ಸಕ್ಕರೆ ಕಾಯಿಲೆಯಿಂದ ಹಾಳಾಗುತ್ತಿರುವ ಕಣ್ಣಿಗೆ ಕೊಡುವ ಲೇಸರ್ ಚಿಕಿತ್ಸೆಯ ಮೇಲೆ ಎರಡು ದೂರುಗಳಿವೆ. ಒಂದು ರೋಗಿಗಳದು: ಇಷ್ಟೆಲ್ಲ ಮಾಡಿಸಿಕೊಂಡರೂ ದೃಷ್ಟಿ ಮೊದಲಿನಂತೆ ಆಗಲಿಲ್ಲ. ಇನ್ನೊಂದು ವೈದ್ಯರ ವಲಯದಲ್ಲೇ ಕೇಳಿಬರುವುದು: ಕಣ್ಣಿನೊಳಕ್ಕೆ ನೇರವಾಗಿ ಚುಚ್ಚುವ ಒಳ್ಳೆಯ ಔಷಧಗಳು ಬಂದಿರುವಾಗ, ಜೀವಂತ ರೆಟಿನಾವನ್ನು ಸುಡುವ ಐವತ್ತು ವರ್ಷ ಹಳೆಯ ಪದ್ಧತಿ ಇನ್ನೂ ಯಾಕೆ? ಎರಡು ದೂರುಗಳಲ್ಲೂ ಸತ್ಯಾಂಶವಿದೆ. ಆದರೂ ಲೇಸರನ್ನು ಔಷಧಕ್ಕೆ ದುಡ್ಡಿಲ್ಲದವರ ಪಾಲಿನ ಬದಲಿ ವ್ಯವಸ್ಥೆ ಎಂದು ತಿಳಿಯುವುದು ತಪ್ಪು. ಔಷಧ ಮಾಡದ ಒಂದು ಕೆಲಸವನ್ನು ಅದು ಮಾಡುತ್ತದೆ. ಅದು ಯಾವುದೆಂದು ಗೊತ್ತಾಗಬೇಕಾದರೆ ರೆಟಿನಾದ ಆಮ್ಲಜನಕದ ಲೆಕ್ಕಾಚಾರವನ್ನು ಸ್ವಲ್ಪ ನೋಡಬೇಕು.

ರೆಟಿನಾ ಎಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ, ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ನರಪದರ. ತೂಕಕ್ಕೆ ಹೋಲಿಸಿದರೆ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಉಣ್ಣುವ ಅಂಗಾಂಶಗಳಲ್ಲಿ ಇದೂ ಒಂದು. ಅದರಲ್ಲೂ ಬೆಳಕನ್ನು ಗ್ರಹಿಸುವ ಕೋಶಗಳು ಮಹಾ ಹೊಟ್ಟೆಬಾಕಗಳು. ಕತ್ತಲಲ್ಲಂತೂ ಅವುಗಳ ಹಸಿವು ಇನ್ನೂ ಹೆಚ್ಚು. ಈ ಕೋಶಗಳಿಗೆ ಹಿಂಬದಿಯ ಕೋರಾಯ್ಡ್ ಎಂಬ ರಕ್ತ ತುಂಬಿದ ಪದರದಿಂದ ಪೂರೈಕೆಯಾಗುತ್ತದೆ. ಒಳಭಾಗದ ನರಕೋಶಗಳಿಗೆ ಮಾತ್ರ ರೆಟಿನಾದ ಮೇಲೆ ಹರಡಿಕೊಂಡ ಸಣ್ಣ ರಕ್ತನಾಳಗಳೇ ಗತಿ. ವರ್ಷಗಟ್ಟಲೆ ಏರಿದ ಸಕ್ಕರೆ ಕೆಡಿಸುವುದು ಈ ಸಣ್ಣ ನಾಳಗಳನ್ನೇ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಉಸಿರುಕಟ್ಟಿದ ಪ್ರದೇಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ, ಹೊಸ ನಾಳಗಳು ಬೇಕೆಂದು ಮೊರೆಯಿಡುತ್ತವೆ. ಹೊಸ ನಾಳಗಳೇನೋ ಹುಟ್ಟುತ್ತವೆ, ಆದರೆ ಬೇಡದ ಜಾಗದಲ್ಲಿ, ತೀರಾ ದುರ್ಬಲವಾಗಿ. ಅವು ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ. ಜೊತೆಗೆ ಬೆಳೆದ ನಾರು ಸುಕ್ಕಿದಾಗ ರೆಟಿನಾವನ್ನೇ ಕಿತ್ತೆಳೆಯುತ್ತದೆ.

ಇಲ್ಲಿ ಲೇಸರ್ ಮಾಡುವ ಉಪಾಯ ರೈತರಿಗೆ ಬೇಗ ಅರ್ಥವಾದೀತು. ಒತ್ತಾಗಿ ಹುಟ್ಟಿದ ರಾಗಿ ಪೈರಿನಲ್ಲಿ ಕುಂಟೆ ಹೊಡೆದರೆ ಒಂದಷ್ಟು ಸಸಿ ಸಾಯುತ್ತವೆ, ಉಳಿದವುಗಳಿಗೆ ಇದ್ದ ತೇವವೇ ಸಾಲುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರ್ ಕಾರ್ನಿಯಾ, ಮಸೂರಗಳನ್ನು ದಾಟಿ ಹೋಗಿ, ರೆಟಿನಾದ ಹಿಂದಿರುವ ಕಪ್ಪು ವರ್ಣಕದ ಪದರದಲ್ಲಿ ಹೀರಲ್ಪಟ್ಟು ಬಿಸಿಯಾಗುತ್ತದೆ. ಆ ಬಿಸಿಗೆ ಪಕ್ಕದ ಬೆಳಕುಗ್ರಾಹಿ ಕೋಶಗಳು ಬೆಂದುಹೋಗುತ್ತವೆ. ಸತ್ತ ಕೋಶ ಆಮ್ಲಜನಕ ಕೇಳುವುದಿಲ್ಲವಲ್ಲ! ಹಾಗಾಗಿ ಕೋರಾಯ್ಡಿನ ಆಮ್ಲಜನಕ ಆ ಕಿಂಡಿಗಳ ಮೂಲಕ ಒಳಪದರಕ್ಕೆ ಇಳಿಯುತ್ತದೆ, ವಿಇಜಿಎಫ್ ಮೊರೆ ತಗ್ಗುತ್ತದೆ, ಹೊಸ ನಾಳಗಳು ಬಾಡುತ್ತವೆ. ಸಾಂಪ್ರದಾಯಿಕ ಪೂರ್ಣ ಚಿಕಿತ್ಸೆಯಲ್ಲಿ ಅರ್ಧ ಮಿಲಿಮೀಟರ್ ಅಗಲದ 1,200ರಿಂದ 1,600 ಚುಕ್ಕೆಗಳನ್ನು ಇಡುತ್ತಾರೆ. 1,500 ಚುಕ್ಕೆಗಳೆಂದು ಲೆಕ್ಕ ಹಾಕಿದರೆ ಸುಮಾರು 295 ಚದರ ಮಿಲಿಮೀಟರ್. ಇಡೀ ರೆಟಿನಾದ ವಿಸ್ತಾರವೇ ಹೆಚ್ಚುಕಡಿಮೆ 1,100. ಅಂದರೆ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ತೆತ್ತು, ನಡುವಿನ ಮ್ಯಾಕುಲಾವನ್ನು ಮುಟ್ಟದೆ ಉಳಿಸಿಕೊಳ್ಳುವ ವ್ಯವಹಾರ ಇದು. ಓದು, ಬರಹ, ಮುಖದ ಗುರುತು ಎಲ್ಲವೂ ನಿಂತಿರುವುದು ಆ ಮ್ಯಾಕುಲಾದ ಮೇಲೆ.

ಇಂಥ ವಿಪರೀತ ಯೋಚನೆ ಯಾರಿಗೆ ಹೊಳೆದೀತು? ಒಬ್ಬರಿಗೇ ಹೊಳೆದದ್ದಲ್ಲ. 1945ರ ಜುಲೈ 9ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಮ್ಯಾಕುಲಾ ಸುಟ್ಟುಕೊಂಡವರನ್ನು ಪರೀಕ್ಷಿಸಿದ ಜರ್ಮನಿಯ ಗೆರ್ಡ್ ಮೇಯರ್-ಶ್ವಿಕೆರಾತ್, ಸುಡಬಲ್ಲ ಬೆಳಕನ್ನು ಚಿಕಿತ್ಸೆಗೂ ಬಳಸಬಹುದಲ್ಲ ಎಂದುಕೊಂಡರು. ಮೊದಲು ಸೂರ್ಯನ ಬೆಳಕನ್ನೇ ಕನ್ನಡಿಗಳಿಂದ ತಿರುಗಿಸಿ ರೋಗಿಯ ಕಣ್ಣಿಗೆ ಬಿಟ್ಟರು. ಮೋಡ ಮುಚ್ಚಿದರೆ ಆ ದಿನ ಚಿಕಿತ್ಸೆಯಿಲ್ಲ. ಆಮೇಲೆ ಝೈಸ್ ಕಂಪನಿಯ ಜೊತೆ ಸೇರಿ ಝೆನಾನ್ ದೀಪದ ಯಂತ್ರ ಮಾಡಿದರು. 1960ರಲ್ಲಿ ಥಿಯೋಡೋರ್ ಮೇಮನ್ ಮೊದಲ ಲೇಸರ್ ಬೆಳಗಿಸಿದ ಮೇಲೆ ಅದು ಕಣ್ಣಿನ ವೈದ್ಯರ ಕೈಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಇತ್ತ ಬಾಸ್ಟನ್ನಿನ ಜಾಸ್ಲಿನ್ ಚಿಕಿತ್ಸಾಲಯದಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂದಿತ್ತು: ಬೇರೆ ಯಾವುದೋ ಕಾರಣಕ್ಕೆ ರೆಟಿನಾದಲ್ಲಿ ಅಲ್ಲಲ್ಲಿ ಕಲೆಗಟ್ಟಿದ ಕಣ್ಣುಗಳಲ್ಲಿ ಸಕ್ಕರೆ ಕಾಯಿಲೆಯ ಹಾವಳಿ ಕಡಿಮೆ. ಹಾಗಾದರೆ ಕಲೆಗಳನ್ನು ಬೇಕೆಂದೇ ಮಾಡಿದರೆ? ಆ ಕಾಲದ ಇನ್ನೊಂದು ಚಿಕಿತ್ಸೆ ಎಷ್ಟು ಭಯಂಕರವಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಹೆರಿಗೆಯ ನಂತರ ಪಿಟ್ಯುಟರಿ ಗ್ರಂಥಿ ಸತ್ತುಹೋದ ಒಬ್ಬ ಮಹಿಳೆಯ ರೆಟಿನಾ ಸುಧಾರಿಸಿದ್ದನ್ನು ಡೆನ್ಮಾರ್ಕಿನ ಪೌಲ್ಸೆನ್ 1953ರಲ್ಲಿ ವರದಿ ಮಾಡಿದ್ದರು. ಅದನ್ನು ನಂಬಿ ಕಣ್ಣುಳಿಸಲು ಮಿದುಳಿನ ತಳದ ಆ ಗ್ರಂಥಿಯನ್ನೇ ತೆಗೆಯುತ್ತಿದ್ದರು. ಅದರ ಮುಂದೆ ಲೇಸರ್ ಎಷ್ಟೋ ಸೌಮ್ಯ.

ಆದರೆ ಹೊಳಹು ಬೇರೆ, ಪುರಾವೆ ಬೇರೆ. ಲೇಸರಿನ ಪರ ಇರುವ ಪುರಾವೆ ವೈದ್ಯಕೀಯದಲ್ಲೇ ಅಂದವಾದವುಗಳ ಸಾಲಿಗೆ ಸೇರುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ಡಯಾಬಿಟಿಕ್ ರೆಟಿನೋಪತಿ ಸ್ಟಡಿಯಲ್ಲಿ 1,700ಕ್ಕೂ ಹೆಚ್ಚು ಜನರಿದ್ದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದನ್ನು ಹಾಗೆಯೇ ಬಿಟ್ಟು ಗಮನಿಸುವುದು. ಯಾವ ಕಣ್ಣು ಎಂಬುದು ಚೀಟಿ ಎತ್ತಿದಂತೆ. ಒಬ್ಬನ ಎರಡು ಕಣ್ಣಿಗೂ ಅದೇ ರಕ್ತ, ಅದೇ ಸಕ್ಕರೆ, ಅದೇ ಬಿಪಿ. ಫಲಿತಾಂಶದಲ್ಲಿ ವ್ಯತ್ಯಾಸ ಕಂಡರೆ ಅದನ್ನು ಊಟದ ಪಥ್ಯಕ್ಕಾಗಲಿ ಮೂತ್ರಪಿಂಡಕ್ಕಾಗಲಿ ಕಟ್ಟುವಂತಿಲ್ಲ. ಎರಡು ವರ್ಷದಲ್ಲಿ ಬಿಟ್ಟ ಕಣ್ಣುಗಳಲ್ಲಿ ಶೇ. 16ರಷ್ಟು ಬಹುಪಾಲು ಕುರುಡಾಗಿದ್ದವು, ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು ಶೇ. 6. ಈ ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ, 1976ರಲ್ಲಿ ನಿಯಮ ಬದಲಿಸಿ, ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯದ ಹಂತ ಮುಟ್ಟಿದವಕ್ಕೂ ಲೇಸರ್ ಕೊಡಲು ಒಪ್ಪಿದರು.

ಈಗ ರೋಗಿಗಳ ದೂರಿಗೆ ಬರೋಣ. ದೃಷ್ಟಿ ಸುಧಾರಿಸಲಿಲ್ಲ ಎನ್ನುವುದು ನಿಜ, ಏಕೆಂದರೆ ಸುಧಾರಿಸುವುದು ಈ ಚಿಕಿತ್ಸೆಯ ಕೆಲಸವೇ ಅಲ್ಲ. ಪೊರೆ ಆಪರೇಷನ್ ಮಾಡಿಸಿದವರು ಮರುದಿನವೇ ಲೋಕ ಬೆಳಗಿತು ಎನ್ನುತ್ತಾರೆ. ಅದೇ ನಿರೀಕ್ಷೆ ಇಟ್ಟುಕೊಂಡು ಲೇಸರಿಗೆ ಬಂದವರಿಗೆ ನಿರಾಸೆ ಕಟ್ಟಿಟ್ಟದ್ದು. ಇದು ಕೆರೆ ಕೋಡಿ ಒಡೆಯದಂತೆ ಏರಿ ಭದ್ರಪಡಿಸುವ ಕೆಲಸ, ನೀರು ತುಂಬಿಸುವುದಲ್ಲ. ನಷ್ಟವೂ ಇದೆ: ಅಂಚಿನ ನೋಟ ಕುಗ್ಗಬಹುದು, ಮಬ್ಬುಗತ್ತಲಲ್ಲಿ ಓಡಾಡುವುದು, ರಾತ್ರಿ ಗಾಡಿ ಓಡಿಸುವುದು ಕಷ್ಟವಾಗಬಹುದು, ಮ್ಯಾಕುಲಾದ ಊತ ಕೆಲವರಲ್ಲಿ ಹೆಚ್ಚಬಹುದು. ಇದನ್ನು ಚಿಕಿತ್ಸೆಗೆ ಮೊದಲೇ ಬಿಡಿಸಿ ಹೇಳದೆ ಆಮೇಲೆ ರೋಗಿಯ ತಿಳುವಳಿಕೆಯನ್ನು ದೂರುವುದು ಸರಿಯಲ್ಲ.

ತಜ್ಞರ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ವಿಇಜಿಎಫ್ ಅನ್ನು ತಡೆಯುವ ಇಂಜೆಕ್ಷನ್‌ಗಳು ಏನನ್ನೂ ಸುಡುವುದಿಲ್ಲ. ಮ್ಯಾಕುಲಾದ ನಡುವೆಯೇ ಊತ ಬಂದು ದೃಷ್ಟಿ ಕುಂದಿದ್ದರೆ ಅವೇ ಮೇಲು, ಅದರಲ್ಲಿ ವಾದವಿಲ್ಲ. ಅಲ್ಲಿ ಲೇಸರ್ ಹಿಂದೆ ಸರಿದದ್ದು ನ್ಯಾಯವೇ. ಹೊಸ ನಾಳಗಳು ಹುಟ್ಟಿದ ಹಂತದಲ್ಲಿ ಏನು? 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರೋಟೋಕಾಲ್ ಎಸ್ ಪ್ರಯೋಗದಲ್ಲಿ ರ‍್ಯಾನಿಬಿಜುಮ್ಯಾಬ್ ಇಂಜೆಕ್ಷನ್ ಎರಡು ವರ್ಷದ ಮಟ್ಟಿಗೆ ಲೇಸರಿಗೆ ಸರಿಸಾಟಿಯಾಯಿತು, ಅಂಚಿನ ನೋಟವನ್ನು ಲೇಸರಿಗಿಂತ ಚೆನ್ನಾಗಿಯೇ ಉಳಿಸಿತು. ಆದರೆ ಅದೇ ಪ್ರಯೋಗದ ಐದು ವರ್ಷದ ವರದಿಯನ್ನೂ ಓದಬೇಕು. ಇಂಜೆಕ್ಷನ್ ಗುಂಪಿನವರಿಗೆ ಸರಾಸರಿ 19 ಚುಚ್ಚುಮದ್ದು ಬೇಕಾಗಿತ್ತು. ಎರಡೂ ಗುಂಪಿನ ದೃಷ್ಟಿ ಒಂದೇ ಮಟ್ಟದಲ್ಲಿತ್ತು. ಅಂಚಿನ ನೋಟದ ಅಂತರವೂ ಕಿರಿದಾಗಿತ್ತು. ತೀರಿಕೊಂಡವರನ್ನು ಬಿಟ್ಟು ಉಳಿದವರಲ್ಲಿ ಮೂರನೇ ಒಂದರಷ್ಟು ಜನ ಐದನೇ ವರ್ಷದ ಪರೀಕ್ಷೆಗೆ ಬರಲೇ ಇಲ್ಲ. ಬೆನ್ನು ಹತ್ತಿ ನೆನಪಿಸುವ ಸಿಬ್ಬಂದಿಯಿರುವ ಸಂಶೋಧನೆಯಲ್ಲೇ ಹೀಗೆ.

ಬಾರದೆ ಉಳಿದವರ ಗತಿ ಏನಾಗುತ್ತದೆ ಎಂಬುದೇ ನಿರ್ಣಾಯಕ ಪ್ರಶ್ನೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಕಣ್ಮರೆಯಾಗಿ ಮತ್ತೆ ಬಂದವರನ್ನು ಗಮನಿಸಿದ ಅಮೆರಿಕದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬರೀ ಇಂಜೆಕ್ಷನ್ ಪಡೆದಿದ್ದ 30 ಕಣ್ಣುಗಳಲ್ಲಿ 10ರ ರೆಟಿನಾ ಎಳೆತಕ್ಕೆ ಸಿಕ್ಕಿ ಕಳಚಿತ್ತು; ಲೇಸರ್ ಆಗಿದ್ದ 29ರಲ್ಲಿ ಒಂದೇ ಒಂದು. ಸಂಖ್ಯೆ ಚಿಕ್ಕದು, ಚೀಟಿ ಎತ್ತಿ ಹಂಚಿದ ಪ್ರಯೋಗವೂ ಅಲ್ಲ, ಆದ್ದರಿಂದ ಇದನ್ನು ಕಡೆಯ ಮಾತೆನ್ನಲಾಗದು. ಆದರೆ ಕಾರಣವಂತೂ ತರ್ಕಕ್ಕೆ ಕೂಡಿಬರುತ್ತದೆ. ಇಂಜೆಕ್ಷನ್ ಹುಟ್ಟಿದ ವಿಇಜಿಎಫ್ ಅನ್ನು ಒರೆಸುತ್ತದೆ, ಹುಟ್ಟುವ ಕಾರಣವನ್ನಲ್ಲ. ಔಷಧ ಕರಗಿದ ಮೇಲೆ ಮೊರೆ ಮತ್ತೆ ಶುರು. ಲೇಸರ್ ಬೇಡಿಕೆಯನ್ನೇ ತಗ್ಗಿಸುತ್ತದೆ, ತಗ್ಗಿದ್ದು ವರ್ಷಗಟ್ಟಲೆ ಹಾಗೇ ಇರುತ್ತದೆ. ಯಾದಗಿರಿ ಜಿಲ್ಲೆಯ ಹಳ್ಳಿಯಿಂದ ಕಲಬುರಗಿಗೆ ಬರುವವರಿಗೆ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸಿದ ಮೇಲೆ ಬಸ್ಸಿನ ಬೋರ್ಡ್ ಕಾಣುವುದಿಲ್ಲ. ಜೊತೆಗೊಬ್ಬರು ಬೇಕು, ಇಬ್ಬರ ಕೂಲಿ ಹೋಗುತ್ತದೆ. ಇದನ್ನು ಹತ್ತೊಂಬತ್ತು ಸಲ ಮಾಡಬಲ್ಲವರು ಎಷ್ಟು ಜನ?

ಸಕ್ಕರೆಯನ್ನೇ ಹತೋಟಿಯಲ್ಲಿಟ್ಟರೆ ಸುಡುವ ಮಾತೇ ಬರದಲ್ಲ ಎನ್ನುವವರೂ ಇದ್ದಾರೆ. ರೋಗ ಶುರುವಾಗುವ ಮುಂಚೆ ಈ ಮಾತು ಬಹುಮಟ್ಟಿಗೆ ಸರಿ. ಸಕ್ಕರೆ ಹತೋಟಿಯ ಮೇಲೆ ನಡೆದ 1993ರ ಡಿಸಿಸಿಟಿ ಪ್ರಯೋಗ ಅದನ್ನು ಚೆನ್ನಾಗಿ ತೋರಿಸಿದೆ. ಆದರೆ ಮುಚ್ಚಿದ ನಾಳ ಸಕ್ಕರೆ ಇಳಿದ ಮಾತ್ರಕ್ಕೆ ತೆರೆದುಕೊಳ್ಳುವುದಿಲ್ಲ. ಹಾಗಾಗಿ ಹತೋಟಿಯೂ ಬೇಕು, ಲೇಸರೂ ಬೇಕು. ಯಂತ್ರಗಳೂ ಮೃದುವಾಗುತ್ತಿವೆ. ಒಂದೇ ಒತ್ತಿಗೆ ಹತ್ತಾರು ಚುಕ್ಕೆ ಇಡುವ, ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟೇ ಸುಡುವ ಲೇಸರ್‌ಗಳಿಂದ ನೋವು ಕಡಿಮೆಯಾಗಿದೆ. ಕಲೆಯೇ ಉಳಿಸದ ಮೈಕ್ರೋಪಲ್ಸ್ ಲೇಸರ್ ಮ್ಯಾಕುಲಾದ ಅಷ್ಟೇನೂ ತೀವ್ರವಲ್ಲದ ಊತದಲ್ಲಿ ಮಾಮೂಲು ಲೇಸರಿಗೆ ಕಡಿಮೆಯಿಲ್ಲವೆಂದು ಬ್ರಿಟನ್ನಿನ 2022ರ ಡೈಮಂಡ್ಸ್ ಪ್ರಯೋಗ ಹೇಳಿದೆ.

ತೊಡಕಿರುವುದು ಬೇರೆ ಕಡೆ. ಭಾರತದಲ್ಲಿ 40 ದಾಟಿದ ಸಕ್ಕರೆ ಕಾಯಿಲೆಯವರ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಹನ್ನೆರಡಕ್ಕೂ ಹೆಚ್ಚು ಜನರಿಗೆ ರೆಟಿನೋಪತಿ (ರೆಟಿನಾದ ಈ ಕಾಯಿಲೆ), ನಾಲ್ವರಿಗೆ ದೃಷ್ಟಿಗೇ ಅಪಾಯ ತರುವ ಹಂತದ ರೋಗ ಕಂಡಿತು. ಈ ನಾಲ್ವರಲ್ಲಿ ಹಲವರಿಗೆ ಇನ್ನೂ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ, ಗೋಡೆಯ ಚಾರ್ಟಿನ ಕೊನೆಯ ಸಾಲನ್ನೂ ಓದುತ್ತಾರೆ. ಲೇಸರ್ ಅತಿ ಹೆಚ್ಚು ಉಳಿಸಬಲ್ಲದ್ದು ಆಗಲೇ. ಚೆನ್ನಾಗಿ ಕಾಣುವ ಕಣ್ಣನ್ನು ಸುಡಿಸಿಕೊಳ್ಳಿ ಎಂದು ಒಪ್ಪಿಸುವುದು ಅತಿ ಕಷ್ಟವಾಗುವುದೂ ಆಗಲೇ.